ಅಜ್ಜ ಹಾಕಿದ ಸಹಿ

ಕರಾರಿನ ಕಾಗದ ಇಂಗ್ಲಿಷಿನಲ್ಲಿರುತ್ತದೆ. ಓದಿ ಹೇಳುವವನು ಅದರ ಅರ್ಥವನ್ನು ಇನ್ನೊಂದು ಭಾಷೆಯಲ್ಲಿ ಹೇಳುತ್ತಾನೆ. ಸಹಿ ಹಾಕುವವನು ಕೇಳಿದ್ದನ್ನೇ ನಂಬಿ ಸಹಿ ಹಾಕುತ್ತಾನೆ. ಗಿರಣಿಯ ಆಫೀಸಿನಲ್ಲಿ ಕುಳಿತು ನಾವು ಇದನ್ನು ಎಷ್ಟೋ ಸಲ ನೋಡಿದ್ದೇವೆ. ಮುಂದೆ ತಕರಾರು ಬಂದಾಗ ‘ಕಾಗದದಲ್ಲಿ ಹೀಗಿದೆ’ ಎಂದು ಒಬ್ಬರು, ‘ನನಗೆ ಹೇಳಿದ್ದು ಹಾಗಲ್ಲ’ ಎಂದು ಇನ್ನೊಬ್ಬರು. ಇಡೀ ಒಂದು ದೇಶಕ್ಕೇ ಇಂಥ ತಕರಾರು ಒದಗಿದ ಸಂಗತಿಯನ್ನು ವಾಚಕ ಬಂಧುಗಳಿಗೆ ತಿಳಿಸಬಯಸುತ್ತೇವೆ.

ಕ್ರಿಕೆಟ್ಟಿನ ಮೂಲಕ ನಮಗೆಲ್ಲ ಪರಿಚಿತವಾದ ನ್ಯೂಜಿಲೆಂಡೇ ಆ ದೇಶ. ಅಲ್ಲಿಯ ಮೂಲನಿವಾಸಿಗಳು ಮಾವೋರಿ ಜನ. 1840ನೆಯ ಇಸವಿ ಫೆಬ್ರುವರಿ 6ರಂದು ವೈತಾಂಗಿ ಎಂಬಲ್ಲಿ ಮಾವೋರಿ ಮುಖಂಡರೂ ವಿಕ್ಟೋರಿಯಾ ರಾಣಿಯ ಪರವಾಗಿ ವಿಲಿಯಂ ಹಾಬ್ಸನ್ ಎಂಬ ಅಧಿಕಾರಿಯೂ ಒಂದು ಒಡಂಬಡಿಕೆಗೆ ಸಹಿ ಹಾಕಿದರು. ಅದರ ಇಂಗ್ಲಿಷ್ ಕರಡನ್ನು ಹೆನ್ರಿ ವಿಲಿಯಮ್ಸ್ ಎಂಬ ಪಾದ್ರಿಯೂ ಅವರ ಮಗನೂ ಒಂದೇ ರಾತ್ರಿಯಲ್ಲಿ ಮಾವೋರಿ ಭಾಷೆಗೆ ತಿರುಗಿಸಿದ್ದರು.

ತೊಡಕು ಅಲ್ಲಿಯೇ ಇತ್ತು. ಇಂಗ್ಲಿಷ್ ಪ್ರತಿಯ ಪ್ರಕಾರ ಮುಖಂಡರು ತಮ್ಮ ಸಾರ್ವಭೌಮತ್ವವನ್ನೇ ರಾಣಿಗೆ ಒಪ್ಪಿಸಿದರು. ಮಾವೋರಿ ಪ್ರತಿಯಲ್ಲಿದ್ದ ಮಾತು ‘ಕಾವನತಂಗ’. ಆಡಳಿತ ನಡೆಸುವ ಅಧಿಕಾರ ಎಂದಷ್ಟೇ ಅದರ ಅರ್ಥ. ನೆಲ, ಊರು, ಸಂಪತ್ತುಗಳ ಮೇಲಿನ ಒಡೆತನ ಮುಖಂಡರಲ್ಲಿಯೇ ಪೂರ್ಣವಾಗಿ ಉಳಿಯುವುದೆಂದು ಅದೇ ಪ್ರತಿ ಮಾತು ಕೊಟ್ಟಿತ್ತು. ಸಹಿ ಹಾಕಿದ ಸುಮಾರು 540 ಜನರಲ್ಲಿ ಇಂಗ್ಲಿಷ್ ಪ್ರತಿಗೆ ಸಹಿ ಹಾಕಿದವರು 39 ಮಂದಿ ಮಾತ್ರ.

ಕೊಟ್ಟ ಮಾತು ನಿಲ್ಲಲಿಲ್ಲ. 1848ರಲ್ಲಿ ದಕ್ಷಿಣ ದ್ವೀಪದಲ್ಲಿ, ಆಗಿನ ಲೆಕ್ಕದಂತೆ ಸುಮಾರು 2 ಕೋಟಿ ಎಕರೆ ಭೂಮಿಯನ್ನು ನಾಯ್ ತಾಹು ಎಂಬ ಕುಲದವರಿಂದ ಸರಕಾರ ಬರೇ 2000 ಪೌಂಡಿಗೆ ಪಡೆಯಿತು. ಅವರಿಗಾಗಿ ಬಿಟ್ಟದ್ದು ಸುಮಾರು 6 ಸಾವಿರ ಎಕರೆ. ಉತ್ತರ ದ್ವೀಪದಲ್ಲಿ ಯುದ್ಧಗಳಾದವು, ಭೂಮಿ ಜಪ್ತಿಯಾಯಿತು. 1877ರಲ್ಲಿ ಅಲ್ಲಿಯ ಮುಖ್ಯ ನ್ಯಾಯಾಧೀಶರು ಒಡಂಬಡಿಕೆಗೆ ಕಾನೂನಿನ ಬೆಲೆಯೇ ಇಲ್ಲವೆಂದುಬಿಟ್ಟರು. ಮಾವೋರಿಗಳು ಮಾತ್ರ ಅದನ್ನು ಮರೆಯಲಿಲ್ಲ. 1975ರಲ್ಲಿ 79 ವರ್ಷದ ವೀನಾ ಕೂಪರ್ ಎಂಬ ಮಾವೋರಿ ಅಜ್ಜಿಯ ಮುಂದಾಳುತನದಲ್ಲಿ ಭೂಮಿಗಾಗಿ ಪಾದಯಾತ್ರೆ ರಾಜಧಾನಿಯವರೆಗೆ ನಡೆಯಿತು. ಅದೇ ವರ್ಷ ವೈತಾಂಗಿ ನ್ಯಾಯಮಂಡಲಿಯನ್ನು ಸ್ಥಾಪಿಸುವ ಕಾನೂನು ಬಂತು. 1840ರಿಂದ ಆದ ಅನ್ಯಾಯಗಳನ್ನೆಲ್ಲ ವಿಚಾರಿಸುವ ಅಧಿಕಾರ ಅದಕ್ಕೆ 1985ರಲ್ಲಿ ದೊರೆಯಿತು.

ಆದರೆ ವಲಸೆ ಬಂದ ಬಿಳಿಯರ ಮಕ್ಕಳು ಮೊಮ್ಮಕ್ಕಳಲ್ಲಿ ಬಹುಮಂದಿಗೆ ಇದು ಮಾವೋರಿಗಳ ಗೊಡವೆ ಎಂಬ ಭಾವನೆಯಿತ್ತು. ಅವರಿಗೆ ಪಾಠ ಹೇಳಲು ಅವರಲ್ಲಿಯೇ ಕೆಲವರು ಮುಂದೆ ಬಂದರು. ಅಂಥವರಲ್ಲಿ ಕ್ರೈಸ್ಟ್‌ಚರ್ಚ್ ಪಟ್ಟಣದ ರಾಬರ್ಟ್ ಕಾನ್ಸಿಡೈನ್ ಒಬ್ಬರು. ಅವರ ಮನೆತನ ಐರಿಷ್ ಮೂಲದ್ದು. ಅನೇಕ ವರ್ಷ ಅವರು ಒಡಂಬಡಿಕೆಯ ತರಗತಿಗಳನ್ನು ನಡೆಸಿದರು. 2001ರಲ್ಲಿ ಮಗಳು ಜೊವಾನಾ ಜೊತೆಗೂಡಿ ಈ ಕುರಿತು ಪುಸ್ತಕವನ್ನೂ ಬರೆದರು. ಇಂಗ್ಲಿಷರ ಕೈಯಲ್ಲಿ ಐರ್ಲೆಂಡಿನವರೇ ನೆಲ ಕಳೆದುಕೊಂಡ ಕಥೆ ಆ ಪುಸ್ತಕದಲ್ಲಿದೆ. ತನ್ನ ಮನೆತನದ ಕಥೆ ತಿಳಿದವನಿಗೆ ಇನ್ನೊಬ್ಬರ ನಷ್ಟ ಬೇಗ ತಿಳಿಯುತ್ತದೆ.

‘ತಪ್ಪು ಮಾಡಿದ್ದು ನಾವಲ್ಲ, ನಾವೇಕೆ ಹೊಣೆ?’ ಎಂದು ಮೊಮ್ಮಕ್ಕಳು ಕೇಳುವುದು ಸಹಜ. ಅವರನ್ನು ಅಪರಾಧಿಗಳೆನ್ನುವುದು ಇಂಥ ಪಾಠದ ಉದ್ದೇಶವಲ್ಲ. ಒಡಂಬಡಿಕೆಗೆ ಎರಡು ಪಕ್ಷಗಳಿವೆ. ಅವರು ಆ ನೆಲದ ಮೇಲೆ ಹಕ್ಕಿನಿಂದ ನಿಂತಿರುವುದೂ ಆ ಕಾಗದದ ಬಲದಿಂದಲೇ. ಅಜ್ಜನ ಹೊಲ ಬೇಕು, ಅಜ್ಜನ ಸಾಲ ಬೇಡ ಎಂದರೆ ನಮ್ಮ ಊರಿನ ಪಂಚರು ಒಪ್ಪುವರೇ?

ಪಾಠ ವ್ಯರ್ಥವಾಗಿಲ್ಲ. 1998ರಲ್ಲಿ ಸರಕಾರ ನಾಯ್ ತಾಹು ಕುಲದವರ ಕ್ಷಮೆ ಕೇಳಿ 17 ಕೋಟಿ ಡಾಲರ್ ಪರಿಹಾರ ಕೊಟ್ಟಿತು. ಹೋದದ್ದಕ್ಕೆ ಅದು ಸಮವಲ್ಲವಾದರೂ ತಪ್ಪನ್ನು ಬರೆದು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಒಡಂಬಡಿಕೆಯ ತತ್ತ್ವಗಳಿಗೆ ಹೊಸ ಅರ್ಥ ಕೊಡುವ ಮಸೂದೆ 2024ರಲ್ಲಿ ಬಂದಾಗ ಮಾವೋರಿಗಳೊಡನೆ ಇತರರೂ ಬೀದಿಗಿಳಿದರು. 2025ರ ಏಪ್ರಿಲಿನಲ್ಲಿ ಆ ಮಸೂದೆ 112ಕ್ಕೆ 11 ಮತಗಳಿಂದ ಬಿದ್ದುಹೋಯಿತು.

ಇದನ್ನು ಓದಿದ ಮೇಲೆ ನಮಗೆ ಆ ಪಾದ್ರಿಯ ನೆನಪು ಮತ್ತೆ ಮತ್ತೆ ಬರುತ್ತಿದೆ. ಕಾಗದ ಓದಿ ಹೇಳುವ ಕೆಲಸ ನಮ್ಮಂಥ ಗುಮಾಸ್ತರ ಪಾಲಿಗೂ ಬರುತ್ತದೆ. ಅವಸರದಲ್ಲಿ ನಾವೂ ಒಂದೆರಡು ಮಾತು ನುಂಗಿದ್ದುಂಟು. ಇನ್ನು ಹಾಗಾಗಬಾರದು. ಬಂಧುಗಳು ಯಾವುದೇ ಕರಾರಿಗೆ ಸಹಿ ಹಾಕುವ ಮುನ್ನ ಸಂಜೆ ವಾಚನಾಲಯಕ್ಕೆ ತರಲಿ. ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಲು ನಾವು ಸಿದ್ಧರಿದ್ದೇವೆ.