ಕಿವಿಗಿಟ್ಟ ಮೊಬೈಲ್ ಮಿದುಳಿಗೆ ಏನು ಮಾಡುತ್ತೆ? 50 ನಿಮಿಷದ ಪ್ರಯೋಗದಲ್ಲಿ ಕಂಡಿದ್ದಿಷ್ಟು

ಊರಿಗೆ ಹೊಸ ಟವರ್ ಬರುತ್ತೆ ಅಂದ್ರೆ ಸಾಕು, ಬೇಡ ಅಂತ ಅರ್ಜಿ ಹಿಡಿದು ಓಡಾಡುವವರಿದ್ದಾರೆ. ಆ ಓಡಾಟದುದ್ದಕ್ಕೂ ಮೊಬೈಲ್ ಮಾತ್ರ ಅವರ ಕಿವಿಗೇ ಅಂಟಿರುತ್ತೆ! ಆದರೆ ಮಿದುಳಿಗೆ ಹೆಚ್ಚು ತರಂಗ ತಗಲುವುದು ದೂರದ ಟವರ್‌ನಿಂದಲ್ಲ, ಕಿವಿಗೆ ಒತ್ತಿಕೊಂಡ ಆ ಮೊಬೈಲ್‌ನಿಂದಲೇ.

ಮಿದುಳಿನ ತೂಕ ದೇಹದ ತೂಕದಲ್ಲಿ ಸುಮಾರು ಶೇ 2 ಮಾತ್ರ. ಆದರೆ ದೇಹದ ಶಕ್ತಿಯಲ್ಲಿ ಸುಮಾರು ಶೇ 20ರಷ್ಟನ್ನು ಅದೊಂದೇ ಖರ್ಚು ಮಾಡುತ್ತೆ. ಅದಕ್ಕೆ ಮುಖ್ಯ ಇಂಧನ ಗ್ಲೂಕೋಸ್, ಅಂದರೆ ರಕ್ತದಲ್ಲಿರುವ ಸಕ್ಕರೆ. ಮೊಬೈಲ್ ತರಂಗದಿಂದ ಈ ಖರ್ಚಿನಲ್ಲಿ ಏರುಪೇರು ಆಗುತ್ತಾ?

ಇದನ್ನು ಅಮೆರಿಕದ ವಿಜ್ಞಾನಿ ನೋರಾ ವೋಲ್ಕೋವ್ ಅವರ ತಂಡ 2009ರಲ್ಲಿ 47 ಆರೋಗ್ಯವಂತರ ಮೇಲೆ ಪರೀಕ್ಷಿಸಿತು. ಎರಡೂ ಕಿವಿಗೆ ಒಂದೊಂದು ಮೊಬೈಲ್ ಕಟ್ಟಿದರು. ಒಂದು ದಿನ ಬಲಗಿವಿಯದ್ದಕ್ಕೆ ಮಾತ್ರ 50 ನಿಮಿಷ ಕರೆ ಚಾಲು, ಆದರೆ ಸದ್ದು ಬಂದ್. ಇನ್ನೊಂದು ದಿನ ಎರಡೂ ಆಫ್. ಸದ್ದು ಯಾಕೆ ಬಂದ್ ಅಂದ್ರೆ, ಮಾತು ಕೇಳಿಸಿಕೊಂಡರೂ ಮಿದುಳು ಚುರುಕಾಗುತ್ತೆ; ಆಗ ಇದು ತರಂಗದ್ದೋ ಮಾತಿನದ್ದೋ ಅಂತ ಬಿಡಿಸಿ ಹೇಳಲಾಗುವುದಿಲ್ಲ. ಎಲ್ಲಿ ಎಷ್ಟು ಗ್ಲೂಕೋಸ್ ಖರ್ಚಾಯಿತು ಅನ್ನೋದನ್ನು ಪೆಟ್ ಸ್ಕ್ಯಾನ್‌ನಲ್ಲಿ ಅಳೆದರು.

2011ರ ಫೆಬ್ರವರಿಯಲ್ಲಿ ಫಲಿತಾಂಶ ಪ್ರಕಟವಾಯಿತು. ಇಡೀ ಮಿದುಳಿನ ಲೆಕ್ಕದಲ್ಲಿ ವ್ಯತ್ಯಾಸ ಇರಲಿಲ್ಲ. ಆದರೆ ಆಂಟೆನಾಕ್ಕೆ ತೀರಾ ಹತ್ತಿರದ ಭಾಗದಲ್ಲಿ ಗ್ಲೂಕೋಸ್ ಖರ್ಚು ಸುಮಾರು ಶೇ 7 ಏರಿತ್ತು.

ಹಾಗಂತ ಮಿದುಳು ಹಾಳಾಯಿತು ಅಂತಲ್ಲ. ಕಣ್ಣು ಬಿಟ್ಟು ಏನನ್ನಾದರೂ ನೋಡುವಾಗ, ನೋಟಕ್ಕೆ ಸಂಬಂಧಿಸಿದ ಭಾಗದಲ್ಲಿ ಇದಕ್ಕಿಂತ ಹೆಚ್ಚಿನ ಏರಿಕೆಯೂ ಆಗುವುದುಂಟು. ಇದರಿಂದ ಆರೋಗ್ಯಕ್ಕೆ ಏನಾಗುತ್ತೆ ಅಂತ ಹೇಳಲಾಗದು ಎಂದು ಆ ತಂಡವೇ ಬರೆದಿತ್ತು. ಅದೇ ವರ್ಷ ಫಿನ್ಲೆಂಡ್‌ನಲ್ಲಿ 13 ಯುವಕರ ಮೇಲೆ ನಡೆದ ಪ್ರಯೋಗದಲ್ಲಿ ಉಲ್ಟಾ ಬಂತು: ಮೊಬೈಲ್ ಇದ್ದ ಬದಿಯ ಕೆಲವು ಭಾಗಗಳಲ್ಲಿ ಗ್ಲೂಕೋಸ್ ಖರ್ಚು ಇಳಿದಿತ್ತು. ವಾಟ್ಸ್‌ಆ್ಯಪ್‌ನಲ್ಲಿ ‘ಮೊಬೈಲ್ ಮಿದುಳು ಸುಡುತ್ತೆ’ ಅಂತ ಕಳಿಸುವವರು ಈ ಎರಡನೆಯದನ್ನು ಹೇಳೋದೇ ಇಲ್ಲ.

ಕ್ಯಾನ್ಸರ್ ಮಾತು ಬೇರೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ತರಂಗಗಳನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು’ ಎಂಬ ಪಟ್ಟಿಗೆ ಸೇರಿಸಿತು. 2024ರಲ್ಲಿ ಅದೇ ಸಂಸ್ಥೆ ಮಾಡಿಸಿದ ದೊಡ್ಡ ಪರಿಶೀಲನೆಯಲ್ಲಿ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರ್‌ಗೂ ನಂಟು ಕಾಣಲಿಲ್ಲ.

ಅಂಗಡಿಯವರು ಗಮನಿಸಬೇಕಾದ ವಿಷಯ ಇನ್ನೊಂದಿದೆ. ಸಿಗ್ನಲ್ ಕಡಿಮೆ ಇದ್ದಲ್ಲಿ ಮೊಬೈಲ್ ತನ್ನ ಶಕ್ತಿ ಹೆಚ್ಚಿಸಿಕೊಂಡು ಟವರನ್ನು ಮುಟ್ಟಲು ನೋಡುತ್ತೆ. ಶೀಟ್ ಹೊದಿಸಿದ ಗೋಡೌನ್ ಒಳಗೆ ನಿಂತು ‘ಹಲೋ, ಹಲೋ’ ಅನ್ನುವಾಗಲೇ ಕಿವಿಗೆ ತರಂಗ ಜಾಸ್ತಿ. ಟವರ್ ದೂರ ಹೋದಷ್ಟೂ ಕೈಯಲ್ಲಿರುವ ಮೊಬೈಲ್ ಜೋರಾಗುತ್ತೆ ಅನ್ನೋದನ್ನು ಟವರ್ ವಿರೋಧಿಸುವವರೂ ಲೆಕ್ಕಕ್ಕೆ ತಗೋಬೇಕು. ಬಾಗಿಲಿಗೆ ಬಂದು ಮಾತಾಡಿ, ಇಲ್ಲವೇ ಸ್ಪೀಕರ್ ಹಾಕಿ. ತಲೆಯಿಂದ ಒಂದು ಗೇಣು ದೂರ ಹಿಡಿದರೂ ತರಂಗ ಬಹಳ ಇಳಿಯುತ್ತೆ.

ಭಾರತದಲ್ಲಿ ಮೊಬೈಲ್‌ಗೆ ಇರುವ ಎಸ್‌ಎಆರ್ ಮಿತಿ ಕಿಲೋಗೆ 1.6 ವ್ಯಾಟ್. ದೇಹ ಎಷ್ಟು ತರಂಗ ಹೀರುತ್ತೆ ಅನ್ನೋದರ ಅಳತೆ ಅದು. ನಿಮ್ಮ ಮೊಬೈಲ್‌ನದ್ದು ಎಷ್ಟು ಅಂತ ತಿಳಿಯಲು *#07# ಒತ್ತಿ ನೋಡಿ, ಬಹುತೇಕ ಮೊಬೈಲ್‌ಗಳಲ್ಲಿ ಬರುತ್ತೆ.