ಬಿಳಿಗಿರಿಯ ಕಾಡಿನೊಳಗೊಂದು ಆಸ್ಪತ್ರೆ

ಬಿಳಿಗಿರಿರಂಗನ ಬೆಟ್ಟವನ್ನೇರುವ ಯಾತ್ರಿಕರಲ್ಲಿ ಬಹುಮಂದಿ ಸ್ವಾಮಿಯ ದರ್ಶನವನ್ನು ಮಾಡಿಕೊಂಡು ಹಿಂದಿರುಗುವರು. ಸೋಲಿಗರ ಕನ್ಯೆ ಕುಸುಮಾಲೆಯನ್ನು ವರಿಸಿದ ರಂಗನಾಥನನ್ನು ತಮ್ಮ ಭಾವನೆಂದೇ ಕರೆಯುವ ಗಿರಿಜನರ ಪೋಡುಗಳೆಂಬ ಹಾಡಿಗಳನ್ನಾಗಲಿ, ಅವರಿಗಾಗಿ ಅಲ್ಲಿಯೇ ನೆಲೆಗೊಂಡ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆಯನ್ನಾಗಲಿ ಕಂಡುಬರುವವರು ವಿರಳ.

ಬೆಂಗಳೂರಿನಲ್ಲಿ ವೈದ್ಯಕೀಯ ವ್ಯಾಸಂಗವನ್ನು ಮುಗಿಸಿ, ರಾಮಕೃಷ್ಣ ಮಿಷನ್ನಿನ ಸೇವಾಕಾರ್ಯದಲ್ಲಿ ಪಳಗಿದ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಈ ಕೇಂದ್ರವನ್ನು ಸ್ಥಾಪಿಸಿದರು. ಬೇರು ನಾರುಗಳ ಗುಣವನ್ನು ತಲೆಮಾರುಗಳಿಂದ ಅರಿತಿದ್ದ ಜನರು ಹೊರಗಿನ ವೈದ್ಯನನ್ನು ಒಡನೆಯೇ ನಂಬಲಿಲ್ಲ; ನಂಬಬೇಕಾದ ಕಾರಣವಾದರೂ ಏನಿತ್ತು? ಹಾವಿನ ಕಡಿತಕ್ಕೂ ಕರಡಿಯ ಗಾಯಕ್ಕೂ ಚಿಕಿತ್ಸೆ ದೊರೆಯುತ್ತ ಹೋದಂತೆ ವಿಶ್ವಾಸವು ಮೆಲ್ಲಮೆಲ್ಲನೆ ಬೇರೂರಿತು.

ಈ ಸಂಸ್ಥೆಯ ಹಿರಿಮೆಯು, ನನ್ನ ಎಣಿಕೆಯಲ್ಲಿ, ಅದು ಕಲಿಸಿದುದಕ್ಕಿಂತಲೂ ಕಲಿತುದರಲ್ಲಿದೆ. ಸೋಲಿಗ ಸ್ತ್ರೀಯರು ಕುಕ್ಕರಗಾಲಿನಲ್ಲಿ ಕುಳಿತು ಹೆರುವುದು ತಲೆತಲಾಂತರದ ಪದ್ಧತಿ. ಮಂಚದ ಮೇಲೆ ಅಂಗಾತ ಮಲಗಿಸುವುದೊಂದೇ ಶಾಸ್ತ್ರವೆಂದು ಬಗೆಯದೆ, ಭೂಮಿಯ ಸೆಳೆತವೇ ತಾಯಿಗೆ ನೆರವಾಗುವ ಆ ಭಂಗಿಯಲ್ಲಿನ ವಿವೇಕವನ್ನು ಇಲ್ಲಿನ ವೈದ್ಯರು ಗೌರವದಿಂದ ಕಂಡರು. ಗಿಡಮೂಲಿಕೆಯ ಔಷಧಕ್ಕೂ ಆಸ್ಪತ್ರೆಯಲ್ಲಿ ಸ್ಥಾನವಿತ್ತರು.

ಹಾಗೆಂದು ಹೊಸ ವಿಜ್ಞಾನವನ್ನು ಕಡೆಗಣಿಸಿದುದಿಲ್ಲ. ಸೋಲಿಗರಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇರುವುದನ್ನು ಪರೀಕ್ಷೆಯಿಂದ ಗುರುತಿಸಿದುದು ಈ ಕೇಂದ್ರದ ಮಹತ್ತ್ವದ ಕಾರ್ಯಗಳಲ್ಲೊಂದು. ದುಂಡಗಿರಬೇಕಾದ ಕೆಂಪು ರಕ್ತಕಣವು ಕುಡುಗೋಲಿನಂತೆ ಬಾಗಿ, ಸೂಕ್ಷ್ಮ ನಾಳಗಳಲ್ಲಿ ಸಿಕ್ಕಿ, ಕೀಲುಗಳಲ್ಲಿ ಸಹಿಸಲಾಗದ ನೋವನ್ನೆಬ್ಬಿಸುವ ಈ ವ್ಯಾಧಿಯು ತಂದೆತಾಯಿಗಳಿಬ್ಬರಿಂದಲೂ ದೋಷವು ಬಂದಾಗ ಮಗುವಿನಲ್ಲಿ ತಲೆದೋರುವುದು. ಒಬ್ಬರಿಂದ ಮಾತ್ರ ಬಂದರೆ ಮಲೇರಿಯದಿಂದ ಕೊಂಚ ರಕ್ಷಣೆಯೂ ಉಂಟು.

1974ರಲ್ಲಿ ಈ ಅರಣ್ಯವು ವನ್ಯಧಾಮವೆನಿಸಿದ ತರುವಾಯ ಬೇಟೆಯನ್ನೂ ಕುಮರಿ ಬೇಸಾಯವನ್ನೂ ಕಳೆದುಕೊಂಡ ಜನಕ್ಕೆ ಮದ್ದಿನ ಸೀಸೆಯೊಂದೇ ಸಾಲದೆಂಬುದನ್ನು ಅರಿತೇ, ಆಸ್ಪತ್ರೆಯ ಮಗ್ಗುಲಲ್ಲಿ ಶಾಲೆಯೂ ಕಸುಬು ಕಲಿಸುವ ವ್ಯವಸ್ಥೆಯೂ ಬೆಳೆದುವು. ಬೆಟ್ಟದ ಕೆಳಗಿನ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗದ ನಿವಾರಣೆಗಾಗಿ 1986ರಲ್ಲಿ ಈ ಕೇಂದ್ರದ ಸೋದರ ಸಂಸ್ಥೆಯಾಗಿ ಕರುಣಾ ಟ್ರಸ್ಟ್ ಜನ್ಮ ತಾಳಿತು; 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸುವ ಹೊಣೆಯನ್ನೂ ಅದು ಹೊತ್ತಿತು. 1994ರ ರೈಟ್ ಲೈವ್‌ಲಿಹುಡ್ ಪ್ರಶಸ್ತಿಯು ಗಿರಿಜನ ಕೇಂದ್ರದ ಕಾರ್ಯವನ್ನು ಜಗತ್ತಿಗೆ ಪರಿಚಯಿಸಿತು.

ಪ್ರಶಸ್ತಿಗಿಂತಲೂ ನನಗೆ ಹೆಚ್ಚಿನದಾಗಿ ತೋರುವುದು, ಸೋಲಿಗ ಹೆಣ್ಣುಮಕ್ಕಳನ್ನೇ ದಾದಿಯರನ್ನಾಗಿ ತರಬೇತುಗೊಳಿಸಿದ ಕಾರ್ಯ. ಬಸುರಿಯ ಆಯಾಸವನ್ನೂ ಹಸುಗೂಸಿನ ಜ್ವರವನ್ನೂ ಪೋಡಿನವರ ಮಾತಿನಲ್ಲಿಯೇ ವಿಚಾರಿಸಬಲ್ಲವರು, ಆ ನುಡಿಯಲ್ಲಿಯೇ ಬೆಳೆದ ಇವರಲ್ಲದೆ ಮತ್ತಾರು?