ನಿಂತುಹೋದ ವಿಜ್ಞಾನ ಧಾರಾವಾಹಿಗಳ ಎರಡನೇ ಇನ್ನಿಂಗ್ಸ್

ಪ್ರಸಾರ ನಿಂತು ಹತ್ತಿಪ್ಪತ್ತು ವರ್ಷವಾದ ಮೇಲೆ ಮತ್ತೆ ತೆರೆಗೆ ಬರುವ ಭಾಗ್ಯ ಇಂಗ್ಲಿಷಿನ ವಿಜ್ಞಾನ ಕಥೆಯ ಧಾರಾವಾಹಿಗಳಿಗೆ ಆಗಾಗ ಒದಗುತ್ತದೆ. ‘ಡಾಕ್ಟರ್ ಹೂ’, ‘ಸ್ಟಾರ್ ಟ್ರೆಕ್’, ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’, ‘ಲಾಸ್ಟ್ ಇನ್ ಸ್ಪೇಸ್’, ‘ದಿ ಎಕ್ಸ್-ಫೈಲ್ಸ್’ ಎಲ್ಲವೂ ಒಮ್ಮೆ ಮುಗಿದು ಮರಳಿ ಬಂದವು. ಮರಳಿದ್ದೆಲ್ಲ ಗೆದ್ದಿಲ್ಲ. ಗೆಲ್ಲಬಹುದಾಗಿದ್ದ ಕೆಲವಕ್ಕೆ ಮರಳುವ ದಾರಿಯೇ ಸಿಕ್ಕಿಲ್ಲ. ಅಭಿಮಾನಿಗಳ ಒತ್ತಾಯ ಬೇಕೇ ಬೇಕು, ಆದರೆ ಅದೊಂದರಿಂದಲೇ ಕೆಲಸ ಆಗುವುದಿಲ್ಲ.

‘ಸ್ಟಾರ್ ಟ್ರೆಕ್’ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಶುರುವಾದದ್ದು 1966ರ ಸೆಪ್ಟೆಂಬರ್ 8ರಂದು. ಎರಡನೇ ಸೀಸನ್ ಹೊತ್ತಿಗೆ ಅದನ್ನು ನಿಲ್ಲಿಸುತ್ತಾರೆಂಬ ಸುದ್ದಿ ಹಬ್ಬಿದಾಗ ಅಭಿಮಾನಿಗಳು ವಾಹಿನಿಗೆ ಮೂಟೆಗಟ್ಟಲೆ ಪತ್ರ ಬರೆದರು. ಮೂರನೇ ಸೀಸನ್ ಸಿಕ್ಕಿತು, ಆದರೆ ಶುಕ್ರವಾರ ರಾತ್ರಿ ಹತ್ತು ಗಂಟೆಗೆ! ಅದನ್ನು ಮೆಚ್ಚಿದ್ದ ಯುವಕ ಯುವತಿಯರು ಮನೆಯಲ್ಲಿ ಇರದ ಹೊತ್ತು ಅದು. 1969ರಲ್ಲಿ, 79 ಕಂತುಗಳಿಗೆ, ಪ್ರಸಾರ ನಿಂತಿತು. ಮುಂದೆ ಅದರ ಕೈಹಿಡಿದದ್ದು ಮರುಪ್ರಸಾರ. ಊರೂರಿನ ಸಣ್ಣ ಸ್ಟೇಷನ್‌ಗಳು ಹಳೆಯ ಕಂತುಗಳನ್ನು ಕೊಂಡು ಮತ್ತೆ ಮತ್ತೆ ತೋರಿಸಿದವು, ಮೊದಲ ಪ್ರಸಾರದಲ್ಲಿ ಇರದಿದ್ದ ಪ್ರೇಕ್ಷಕರು ಎಪ್ಪತ್ತರ ದಶಕದಲ್ಲಿ ಹುಟ್ಟಿಕೊಂಡರು. 1977ರಲ್ಲಿ ಹೊಸ ಧಾರಾವಾಹಿಗೆ ತಯಾರಿ ನಡೆದು, ಮುಂಬೈಯ ಪರ್ಸಿಸ್ ಖಂಬಾಟಾ ಆಯ್ಕೆಯೂ ಆಗಿತ್ತು. ಕೊನೆಗೆ ಅದು 1979ರ ಸಿನಿಮಾ ಆಯಿತು. ಆಕೆ ತಲೆ ಬೋಳಿಸಿಕೊಂಡು ಅದರಲ್ಲಿ ನಟಿಸಿದರು. ಹೊಸ ನೌಕೆ, ಹೊಸ ಸಿಬ್ಬಂದಿಯ ಧಾರಾವಾಹಿ ಬಂದದ್ದು 1987ರಲ್ಲಿ.

ಬಿಬಿಸಿಯ ‘ಡಾಕ್ಟರ್ ಹೂ’ ಶುರುವಾದದ್ದು 1963ರ ನವೆಂಬರ್ 23ರಂದು. ಮೊದಲ ಕಥೆಯ ನಿರ್ದೇಶಕ ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. ಮರುಹುಟ್ಟಿನ ಬೀಜ ಈ ಧಾರಾವಾಹಿಯ ಕಥೆಯಲ್ಲೇ ಇದೆ. ನಾಯಕನ ಪಾತ್ರದ ವಿಲಿಯಂ ಹಾರ್ಟ್‌ನೆಲ್ ಆರೋಗ್ಯ ಕೆಟ್ಟಾಗ, 1966ರಲ್ಲಿ, ಬರಹಗಾರರು ಒಂದು ಉಪಾಯ ಹೂಡಿದರು: ಡಾಕ್ಟರ್ ನೌಕೆಯೊಳಗೆ ಕುಸಿದು ಬೀಳುತ್ತಾನೆ, ಮುಖ ಬೆಳಕಿನಲ್ಲಿ ಕರಗಿ ಇನ್ನೊಬ್ಬ ನಟನ ಮುಖವಾಗುತ್ತದೆ. ನಟ ಹೋದರೂ ಪಾತ್ರ ಹೋಗಬೇಕಿಲ್ಲ. ಆ ಇಡೀ ಕಂತು ಇಂದು ಲಭ್ಯವಿಲ್ಲ, ಏಕೆಂದರೆ ಬಿಬಿಸಿ ಆ ಕಾಲದ ಎಷ್ಟೋ ಟೇಪುಗಳನ್ನು ಅಳಿಸಿಹಾಕಿತ್ತು. ಮುಖ ಬದಲಾಗುವ ತುಣುಕು ಮಾತ್ರ ‘ಬ್ಲೂ ಪೀಟರ್’ ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ಬಳಕೆಯಾಗಿದ್ದರಿಂದ ಉಳಿಯಿತು. ನಷ್ಟವಾದ ಕೆಲವು ಕಂತುಗಳು 2013ರಲ್ಲಿ ನೈಜೀರಿಯಾದಿಂದ ಮರಳಿ ಸಿಕ್ಕಿವೆ.

1989ರಲ್ಲಿ ನಿಂತ ‘ಡಾಕ್ಟರ್ ಹೂ’ವನ್ನು 1996ರ ಟಿವಿ ಸಿನಿಮಾ ಎಬ್ಬಿಸಲಾಗಲಿಲ್ಲ. ಹಳೆಯ ಕಥೆ ಗೊತ್ತಿದ್ದವರಿಗಷ್ಟೇ ಅರ್ಥವಾಗುವಂತಿತ್ತು ಅದು. 2005ರಲ್ಲಿ ರಸೆಲ್ ಟಿ. ಡೇವಿಸ್ ಬೇರೆ ದಾರಿ ಹಿಡಿದರು. ಕಥೆ ಶುರುವಾಗುವುದು ಲಂಡನ್ನಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ರೋಸ್ ಎಂಬ ಹುಡುಗಿಯಿಂದ. ಅವಳಿಗೆ ಡಾಕ್ಟರ್ ಯಾರೆಂದು ಗೊತ್ತಿಲ್ಲ, ಹೊಸ ಪ್ರೇಕ್ಷಕರಿಗೂ ಗೊತ್ತಿರಬೇಕಿಲ್ಲ. ಡಾಕ್ಟರನ ಗ್ರಹವೇ ಯುದ್ಧದಲ್ಲಿ ನಾಶವಾಗಿದೆ ಎಂದು ಸಾರಿ, 26 ಸೀಸನ್‌ಗಳ ಹಳೆಯ ಭಾರವನ್ನು ಡೇವಿಸ್ ಒಂದೇ ಏಟಿಗೆ ಇಳಿಸಿದರು.

‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ದ ಮೂಲ 1978ರದು. ‘ಸ್ಟಾರ್ ವಾರ್ಸ್’ ಅಲೆಯ ಮೇಲೆ ಬಂದು ಒಂದೇ ಸೀಸನ್ನಿಗೆ ನಿಂತ, ನಿಜ ಹೇಳಬೇಕೆಂದರೆ ಸಾಧಾರಣವಾದ ಧಾರಾವಾಹಿ. ಅದರಲ್ಲಿ ಅಪೋಲೊ ಆಗಿದ್ದ ರಿಚರ್ಡ್ ಹ್ಯಾಚ್ ಮುಂದುವರಿದ ಭಾಗಕ್ಕಾಗಿ ಸ್ವಂತ ಹಣ ಹಾಕಿ ಟ್ರೇಲರ್ ಕೂಡ ಮಾಡಿದ್ದರು. 2003ರಲ್ಲಿ ರೊನಾಲ್ಡ್ ಮೂರ್ ಮುಂದುವರಿಸಲಿಲ್ಲ, ಮೊದಲಿನಿಂದ ಬರೆದರು. ಗಂಡಾಗಿದ್ದ ಸ್ಟಾರ್‌ಬಕ್ ಪಾತ್ರ ಹೆಣ್ಣಾಯಿತು, ಲೋಹದ ಯಂತ್ರಗಳಾಗಿದ್ದ ಶತ್ರುಗಳು ಮನುಷ್ಯರಂತೆಯೇ ಕಾಣತೊಡಗಿದರು. ‘33’ ಎಂಬ ಕಂತಿನಲ್ಲಿ ಶತ್ರು ಪ್ರತಿ 33 ನಿಮಿಷಕ್ಕೊಮ್ಮೆ ದಾಳಿಗೆ ಬರುತ್ತಾನೆ. ಐದು ದಿನದಿಂದ ನಿದ್ದೆಯಿಲ್ಲದ ಸಿಬ್ಬಂದಿ ಗಡಿಯಾರ ನೋಡುತ್ತ ಕೂರುತ್ತಾರೆ. ಸೆಪ್ಟೆಂಬರ್ 11ರ ದಾಳಿಯ ನಂತರದ ಅಮೆರಿಕದ ದಿಗಿಲು ಅಲ್ಲಿದೆ. ಹಳೆಯ ಅಭಿಮಾನಿಗಳು ಸಿಡಿಮಿಡಿಗೊಂಡರು. ಹ್ಯಾಚ್ ಅವರೇ ಹೊಸದರಲ್ಲಿ ಬೇರೊಂದು ಪಾತ್ರ ಒಪ್ಪಿಕೊಂಡರು. ಮೂಲ ದುರ್ಬಲವಾಗಿದ್ದರೆ ಮರುಸೃಷ್ಟಿಗೆ ಅದು ಅನುಕೂಲವೇ. 2016ರ ‘ದಿ ಎಕ್ಸ್-ಫೈಲ್ಸ್’ ಅದೇ ನಟರನ್ನು ಕರೆತಂದು ಜನ ಸೇರಿಸಿತು, ಆದರೆ ಮರಳಿ ಬಂದದ್ದೇಕೆ ಎಂಬುದಕ್ಕೆ ಅದರ ಬಳಿ ಉತ್ತರವಿರಲಿಲ್ಲ.

ಕಥೆ, ನಟರು ಸರಿಯಿದ್ದರೂ ತಾಂತ್ರಿಕ ತೊಡಕು ಅಡ್ಡ ಬರಬಹುದು. ತೊಂಬತ್ತರ ದಶಕದ ‘ಬ್ಯಾಬಿಲಾನ್ 5’ರ ನಟರ ದೃಶ್ಯಗಳನ್ನು ಫಿಲ್ಮಿನಲ್ಲಿ ತೆಗೆದಿದ್ದರಿಂದ ಅವು ಇಂದಿನ ದೊಡ್ಡ ಪರದೆಯಲ್ಲೂ ಚೆನ್ನಾಗಿ ಕಾಣುತ್ತವೆ. ನೌಕೆಗಳ ಕಂಪ್ಯೂಟರ್ ಚಿತ್ರಗಳನ್ನು ಮಾತ್ರ ಅಂದಿನ ಟಿವಿ ಗುಣಮಟ್ಟಕ್ಕಷ್ಟೇ ಮಾಡಿದ್ದರು. ಅಗಲ ಪರದೆಗೆ ಹಿಗ್ಗಿಸಿದಾಗ ಅವು ಮಸುಕಾದವು. ಹೊಸದಾಗಿ ಮಾಡುವುದು ದುಬಾರಿ. 110 ಕಂತುಗಳಲ್ಲಿ 92ನ್ನು ತಾನೇ ಬರೆದ ಜೆ. ಮೈಕೆಲ್ ಸ್ಟ್ರಾಸಿನ್ಸ್ಕಿ ಹೊಸ ಆವೃತ್ತಿ ಬರೆಯುತ್ತಾರೆಂದು 2021ರಲ್ಲಿ ಅಮೆರಿಕದ ಸಿಡಬ್ಲ್ಯು ವಾಹಿನಿಯ ಹೆಸರಿನಲ್ಲಿ ಪ್ರಕಟವಾಯಿತು. ಮರುವರ್ಷ ಆ ವಾಹಿನಿಯ ಒಡೆತನವೇ ಬದಲಾಯಿತು. 2023ರಲ್ಲಿ ಒಂದು ಅನಿಮೇಷನ್ ಸಿನಿಮಾ ಬಂತು, ಅಷ್ಟೇ. ಮರಳಿ ಬರಲು ಎಲ್ಲಕ್ಕಿಂತ ಹೆಚ್ಚು ಯೋಗ್ಯವಾದ ಹಳೆಯ ಧಾರಾವಾಹಿ ಇದೇ: ಮೊದಲ ಕಂತಿನಲ್ಲೇ ಕೊನೆ ಗೊತ್ತಿದ್ದ, ಐದು ವರ್ಷಕ್ಕೆಂದು ಯೋಜಿಸಿ ಬರೆದ ಕಥೆ ಅಂದಿಗೆ ಟಿವಿಯಲ್ಲಿ ಅಪರೂಪ, ಇಂದಿನ ಒಟಿಟಿಗೆ ಹೇಳಿ ಮಾಡಿಸಿದ್ದು.